ನೇಪಾಳದಿಂದ ಬಂದ ಮಾರ್ಟಿನಿ–ಹೆನ್ರಿ: ಈಡು ಹೊಡೆಯಬಹುದೇ, ಗೋಡೆಯ ಮೇಲೇ ಇರಲಿಯೇ?

ಹೇಮಾವತಿ_ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ಕೊಂಡ ಒಂದು ಮಾರ್ಟಿನಿ–ಹೆನ್ರಿ ಕೋವಿಯ (ಬ್ರಿಟಿಷ್ ಸೈನ್ಯದ ಹಳೆಯ, ಒಂದೊಂದೇ ಈಡಿನ ರೈಫಲ್) ಬಗ್ಗೆ ತಿಳಿದವರ ಸಲಹೆ ಬೇಕು. 2003ರಲ್ಲಿ ಕಠ್ಮಂಡುವಿನ ಲಗನ್ ಸಿಲೇಖಾನಾ ಅರಮನೆಯಿಂದ ಅಮೆರಿಕಕ್ಕೆ ಬಂದ ರಾಶಿಯಲ್ಲಿನದು. ಬಲಬದಿಯಲ್ಲಿ ಕಿರೀಟ, ವಿ.ಆರ್. (ವಿಕ್ಟೋರಿಯಾ ರಾಣಿಯ ಗುರುತು), ಎನ್‌ಫೀಲ್ಡ್, 1882, ರೋಮನ್ ಅಂಕಿಯಲ್ಲಿ ಎರಡು ಎಂಬ ಗುರುತುಗಳಿವೆ. ನಳಿಗೆಯ ಮೇಲೆ ದೇವನಾಗರಿಯಲ್ಲಿ ಅಕ್ಷರ, ಅಂಕಿ ಕೊರೆದಿದ್ದಾರೆ. ಇಡೀ ಕೋವಿಗೆ ಗಟ್ಟಿಯಾದ ಕಂದು ಜಿಡ್ಡು ಮೆತ್ತಿಕೊಂಡಿದೆ, ಲಿವರ್ ಕಷ್ಟಪಟ್ಟು ಅಲ್ಲಾಡುತ್ತದೆ. ಮರದ ಹಿಡಿಯಲ್ಲಿ ಕೈ ಹಿಡಿಯುವ ಜಾಗದ ಹತ್ತಿರ ಕೂದಲೆಳೆಯಷ್ಟು ಬಿರುಕು ಕಾಣುತ್ತಿದೆ.

ಕೇಳಬೇಕಾದದ್ದು ಇಷ್ಟು:

1. ಗುರುತು ಕೆಡದಂತೆ ಜಿಡ್ಡು ತೆಗೆಯುವುದು ಹೇಗೆ?
2. ಈಡು ಹೊಡೆಯಲು ಯೋಗ್ಯವೇ ಎಂದು ಮನೆಯಲ್ಲಿ ಏನೇನು ನೋಡಿ ತೀರ್ಮಾನಿಸಬಹುದು?
3. ಇದರ .577/450 ತೋಟಾ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೇಸ್ (ತೋಟಾದ ಹಿತ್ತಾಳೆ ಚಿಪ್ಪು), ಗುಂಡು, ಮದ್ದಿನ ಲೆಕ್ಕ ಹೇಗೆ?
4. ಇದನ್ನು ಬಿಟ್ಟು ಇಟಲಿಯ ಶಾರ್ಪ್ಸ್ ರೆಪ್ಲಿಕಾ (ಹಳೆಯ ಅಮೆರಿಕನ್ ರೈಫಲ್‌ನ ಹೊಸ ನಕಲು), .45-70 ತೋಟಾದ್ದು, ಕೊಳ್ಳುವುದೇ ಜಾಣತನವೇ?
5. ಎಚ್‌-1ಬಿ ವೀಸಾದಲ್ಲಿರುವವರಿಗೆ ಕಾನೂನಿನ ತೊಡಕು ಇದೆಯೇ? ಮುಂದೆ ಊರಿಗೆ ತರಬಹುದೇ?

ನಳಿಗೆ_ಲೆಕ್ಕ:

ಐದನೆಯದನ್ನು ಮೊದಲು ಹೇಳುತ್ತೇನೆ. ಉಳಿದದ್ದು ತಪ್ಪಿದರೆ ಕೋವಿ ಕೆಟ್ಟೀತು, ಇದು ತಪ್ಪಿದರೆ ವೀಸಾಕ್ಕೇ ಕುತ್ತು.

ಅಮೆರಿಕದ 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದ ಕೋವಿ ‘ಆಂಟೀಕ್’. ಒಕ್ಕೂಟ ಸರ್ಕಾರದ ಕಾನೂನು ಅದನ್ನು ‘ಫೈರ್‌ಆರ್ಮ್’ ಎಂದು ಎಣಿಸುವುದಿಲ್ಲ. 1882ರ ನಿಮ್ಮ ಕೋವಿ ಲೈಸೆನ್ಸುದಾರ ವ್ಯಾಪಾರಿಯ ಕೈ ಹಾಯದೆ ನೇರ ಮನೆಗೆ ಬಂದದ್ದು ಇದೇ ಕಾರಣಕ್ಕೆ. ಶಾರ್ಪ್ಸ್ ರೆಪ್ಲಿಕಾ ನೋಡಲು 1874ರದ್ದಾದರೂ ಕಾನೂನಿಗೆ ಇಂದಿನ ರೈಫಲ್. .45-70 ತೋಟಾ ಈಗಲೂ ತಯಾರಾಗುತ್ತಿರುವುದರಿಂದ ವ್ಯಾಪಾರಿಯ ಮೂಲಕವೇ ಕೊಂಡು, ಕೋವಿ ಕೊಳ್ಳುವವರ ಸರ್ಕಾರಿ ಫಾರಂ 4473 ತುಂಬಬೇಕು. ಬಾಯಿಂದ ಮದ್ದು ತುಂಬುವ ರೆಪ್ಲಿಕಾ, ಅಂದರೆ ನಮ್ಮ ಕಡೆ ಕೇಪಿನ ಕೋವಿ ಅನ್ನುತ್ತಾರಲ್ಲ ಆ ಜಾತಿ, ಹೊಸದಾಗಿ ಮಾಡಿದ್ದಾದರೂ ಸಾಮಾನ್ಯವಾಗಿ ಆಂಟೀಕ್ ವ್ಯಾಖ್ಯೆಯೊಳಗೇ ಬರುತ್ತದೆ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ಟೆಕ್ಸಾಸ್‌ನಲ್ಲಿ ನಡೆದದ್ದು ನ್ಯೂಜೆರ್ಸಿಯಲ್ಲಿ ನಡೆಯುವುದಿಲ್ಲ.

ಎಚ್‌-1ಬಿ ನಾನ್‌-ಇಮಿಗ್ರಂಟ್ ವೀಸಾ. ಆ ವೀಸಾದವರು ಫೈರ್‌ಆರ್ಮ್ ಮಾತ್ರವಲ್ಲ, ಅಮ್ಯುನಿಷನ್ ಇಟ್ಟುಕೊಳ್ಳುವುದೂ ನಿಷಿದ್ಧ. ಅಮ್ಯುನಿಷನ್ ಎಂಬುದರಲ್ಲಿ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ), ಕೇಸ್, ಗುಂಡು, ಮದ್ದು ಎಲ್ಲವೂ ಸೇರುತ್ತದೆ. ಕೋವಿ ಆಂಟೀಕ್ ಎಂಬ ಧೈರ್ಯದಲ್ಲಿ ಪ್ರೈಮರ್ ಡಬ್ಬಿ ಮನೆಗೆ ತಂದರೆ ಅಲ್ಲಿ ಪೇಚು ಶುರುವಾಗುತ್ತದೆ. ಅಮೆರಿಕದ ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಈ ನಿಷೇಧದಿಂದ ವಿನಾಯಿತಿ ಇದೆ, ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಪ್ರೈಮರ್ ಕೊಳ್ಳುವ ಮೊದಲು ಇಮಿಗ್ರೇಷನ್ ಮತ್ತು ಕೋವಿ ಕಾನೂನು ಎರಡೂ ಗೊತ್ತಿರುವ ವಕೀಲರಿಂದ ಬರವಣಿಗೆಯಲ್ಲಿ ಸಲಹೆ ತೆಗೆದುಕೊಳ್ಳಿ.

ಊರಿಗೆ ತರುವ ಆಸೆ ಬಿಡಿ. ಭಾರತದ 1959ರ ಆಯುಧ ಕಾಯ್ದೆ ಹಳೆಯ ಆಯುಧಗಳಿಗೆ ಕೊಡುವ ರಿಯಾಯಿತಿ, ರಿಪೇರಿ ಮಾಡಿದರೂ ಹಾರಿಸಲಾಗದವಕ್ಕೆ ಮಾತ್ರ. ನಿಮ್ಮದು ಹಾರಿಸಬಲ್ಲ ಕೋವಿ, ಲೈಸೆನ್ಸ್ ಬೇಕೇ ಬೇಕು. ಆಮದಿಗೆ ಬೇರೆ ಲೈಸೆನ್ಸ್.

ಜೇನುಮೇಣ45:

ಹೇಮಾವತಿಯವರೇ, ಕೋವಿ ಒಳ್ಳೆಯದೇ ಸಿಕ್ಕಿದೆ. ಆ ರಾಶಿಯಲ್ಲಿ ಮುಖ್ಯವಾಗಿ ಮೂರು ಬಗೆಯ ಮಾರ್ಟಿನಿಗಳಿದ್ದವು: ಬ್ರಿಟನ್ನಿನಲ್ಲೇ ಮಾಡಿದವು, ಬೆಲ್ಜಿಯಂನ ಫ್ರಾಂಕೋಟ್ ಮಾದರಿ ನೋಡಿಕೊಂಡು ನೇಪಾಳದಲ್ಲಿ ಮಾಡಿದವು, ಮತ್ತು ನೇಪಾಳದಲ್ಲೇ ಮಾಡಿದ ಗಹೇಂದ್ರ ಎಂಬ ಬಗೆ. ಕೊನೆಯ ಎರಡು ಕೈಕೆಲಸದವು. ಒಂದರ ಉಕ್ಕಿನಂತೆ ಇನ್ನೊಂದರದ್ದಿಲ್ಲ, ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಅವುಗಳಲ್ಲಿ ಈಡು ಹೊಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮದು ಎನ್‌ಫೀಲ್ಡ್ ಕಾರ್ಖಾನೆಯ ಮಾರ್ಕ್ 2. ಯೋಚಿಸಬಹುದಾದ ಕೋವಿ.

ಜಿಡ್ಡು ತೆಗೆಯುವುದು. ಮೊದಲೇ ಹೇಳಿಬಿಡುತ್ತೇನೆ: ಮರಳುಕಾಗದ, ತಂತಿಯ ಚಕ್ರ, ಬಫಿಂಗ್ ಯಂತ್ರ ಹತ್ತಿರ ಸುಳಿಯಬಾರದು. ಗುರುತುಗಳ ಅಂಚು ಒಮ್ಮೆ ಉರುಟಾದರೆ ಕೋವಿಯ ಚರಿತ್ರೆಯೂ ಬೆಲೆಯೂ ಒಟ್ಟಿಗೆ ಹೋಯಿತು. ಆ ದೇವನಾಗರಿ ಕೊರೆತವೂ ಹಾಗೆಯೇ. ನೇಪಾಳದ ಪಲ್ಟನ್ ಹಾಕಿಕೊಂಡ ಗುರುತು ಅದು, ಉಳಿಸಿಕೊಳ್ಳಿ.

ಬಿಚ್ಚುವ ಮೊದಲು ಎಲ್ಲ ಸ್ಕ್ರೂ ಮತ್ತು ಪಿನ್‌ಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ. ಸ್ಕ್ರೂಡ್ರೈವರ್‌ನ ಅಲಗು ಸ್ಕ್ರೂ ತಲೆಯ ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ಕೂರುವಂತೆ ಉಜ್ಜಿಕೊಂಡಿರಬೇಕು. ಮನೆಯ ಸಾಮಾನ್ಯ ಸ್ಕ್ರೂಡ್ರೈವರ್ ತಲೆಯನ್ನು ಹರಿದುಹಾಕುತ್ತದೆ. ನಳಿಗೆಯ ಹಿಂಬಾಯಿ ಮುಚ್ಚುವ ಬ್ಲಾಕ್ ನಿಂತಿರುವುದು ಬಾಡಿಯ ಹಿಂಭಾಗದ ಮೇಲ್ಮೂಲೆಯಲ್ಲಿ ಅಡ್ಡ ಹಾದ ಪಿನ್ನಿನ ಮೇಲೆ. ಅದು ಸೀಳು ಪಿನ್. ಸೀಳಿರುವ ತುದಿಯ ಕಡೆಯಿಂದ ಹಿತ್ತಾಳೆ ಪಂಚ್ ಇಟ್ಟು ಮೆಲ್ಲಗೆ ತಟ್ಟಬೇಕು. ಸೀಳು ಮುಚ್ಚಿಕೊಂಡು ಪಿನ್ ಸರಿಯುತ್ತದೆ. ಬ್ಲಾಕ್ ಹೊರಬಂದ ಮೇಲೆ ಒಳಗಿನ ಸುರುಳಿ ಸ್ಪ್ರಿಂಗ್ ಬಿಗಿಯಲ್ಲಿರುತ್ತದೆ. ಮುಂದಿನ ಸ್ಟಾಪ್ ನಟ್ ಕಳಚುವಾಗ ಬಟ್ಟೆ ಸುತ್ತಿ ಹಿಡಿಯಿರಿ, ಕಣ್ಣಿಗೆ ಕನ್ನಡಕ ಹಾಕಿ. ಪ್ರತಿ ಹಂತದ ಫೋಟೋ ತೆಗೆದಿಡಿ.

ಲೋಹದ ಭಾಗಗಳನ್ನು ಮಿನರಲ್ ಸ್ಪಿರಿಟ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ಮರುದಿನ ನೈಲಾನ್ ಬ್ರಷ್‌ನಿಂದ ಉಜ್ಜಿ. ಅದಕ್ಕೂ ಬಗ್ಗದ ಜಿಡ್ಡಿದ್ದರೆ, ಸ್ಪಿರಿಟ್ ಪೂರ್ತಿ ಒರೆಸಿ ಆರಿಸಿದ ಮೇಲೆ, ಸಣ್ಣ ಭಾಗಗಳನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ. ನೀರಿನಿಂದ ತೆಗೆದ ಕೂಡಲೇ ಒರೆಸಿ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಸ್ಪಿರಿಟ್‌ನ ಕೆಲಸ ಬಯಲಿನಲ್ಲಿ ನಡೆಯಲಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಮರವನ್ನು ನೀರಿಗೆ ಹಾಕಬೇಡಿ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ, ಕಾಯಿಸಿದ ಅಗಸೆ ಎಣ್ಣೆಯನ್ನು ಬೆರಳಲ್ಲಿ ತೆಳ್ಳಗೆ ತಿಕ್ಕಿ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ ಎಸೆಯಿರಿ.

ಬಿರುಕಿನ ವಿಷಯ. ಮಾರ್ಟಿನಿಯ ಹಿಂಬದಿಯ ಮರವನ್ನು ಒಳಗಿನ ಉದ್ದ ಬೋಲ್ಟ್ ಒಂದು ಬಾಡಿಗೆ ಬಿಗಿದಿರುತ್ತದೆ. ಮರ ಒಣಗಿ ಸಂದು ಬಿದ್ದರೆ ಪ್ರತಿ ಈಡಿಗೂ ಬಾಡಿ ಹಿಂದಕ್ಕೆ ಗುದ್ದಿ ಆ ಬಿರುಕನ್ನು ಬೆಣೆಯಂತೆ ಸೀಳುತ್ತದೆ. ಜಿಡ್ಡು ಪೂರ್ತಿ ಹೋದ ಮೇಲೆ ಬಿರುಕನ್ನು ಸ್ವಲ್ಪ ಅಗಲಿಸಿ, ತೆಳು ಎಪಾಕ್ಸಿ ಒಳಗಿಳಿಸಿ, ಕ್ಲಾಂಪ್ ಹಾಕಿ ಒಂದು ದಿನ ಬಿಡಿ. ಜಿಡ್ಡಿನ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ, ಕೆಲಸ ಕೆಡುವುದು ಇಲ್ಲೇ. ಆಮೇಲೆ ಬೋಲ್ಟ್ ಬಿಗಿ ಮಾಡಿ.

ನಳಿಗೆ_ಲೆಕ್ಕ:

ಎರಡನೆಯ ಪ್ರಶ್ನೆಗೆ ಬರೋಣ. ಕೋವಿ ಯೋಗ್ಯವೇ ಎಂಬುದನ್ನು ಈ ಅನುಕ್ರಮದಲ್ಲಿ ನೋಡಿ.

ನಳಿಗೆ ಸ್ವಚ್ಛ ಮಾಡಿ ಬ್ರೀಚ್ (ಹಿಂಬಾಯಿ) ಕಡೆಯಿಂದ ಬೆಳಕು ಬಿಟ್ಟು ಬಾಯಿಯಿಂದ ನೋಡಿ. ಸಣ್ಣ ಸಣ್ಣ ಗುಳಿಗಳಿದ್ದರೆ ಅಂಥ ಭಯವೇನಿಲ್ಲ, ಮಸಿ ಬೇಗ ಕಟ್ಟುತ್ತದೆ, ಗುರಿ ಕೊಂಚ ಹದಗೆಡುತ್ತದೆ, ಅಷ್ಟೆ. ಹೆದರಬೇಕಾದದ್ದು ಉಂಗುರದಂಥ ಕಪ್ಪು ನೆರಳಿಗೆ. ಅದು ನಳಿಗೆ ಉಬ್ಬಿದ ಗುರುತು. ಕಣ್ಣಿಗೆ ಕಾಣದಿದ್ದರೆ ಬಿಗಿಯಾದ ಎಣ್ಣೆಬಟ್ಟೆಯನ್ನು ಗಜದ (ನಳಿಗೆಗೆ ಹಾಕುವ ಉದ್ದ ಸಲಾಕೆಯ) ತುದಿಗೆ ಸುತ್ತಿ ನಿಧಾನವಾಗಿ ನೂಕಿ. ಉಬ್ಬಿದ ಜಾಗದಲ್ಲಿ ಕೈಗೆ ತಟ್ಟನೆ ಸಡಿಲ ಸಿಗುತ್ತದೆ. ಹಾಗೆ ಸಿಕ್ಕರೆ ಗೋಡೆಯೇ ಅದರ ಜಾಗ.

ಬ್ಲಾಕ್ ಮೇಲೇರಿದಾಗ ಅಲುಗಾಡಬಾರದು. ಲಿವರ್ ಪೂರ್ತಿ ಮುಚ್ಚಿದ ಮೇಲೆ ಬ್ಲಾಕಿನ ಮುಂತುದಿಯನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿ. ಕುಸಿದರೆ ಲಿವರಿನ ತುದಿ ಅಥವಾ ಪಿನ್ ಸವೆದಿದೆ. ಪ್ರೈಮರ್ ಕುಟ್ಟುವ ಸ್ಟ್ರೈಕರ್ ಸೂಜಿಯ ತುದಿ ಗುಂಡಗೆ, ನುಣ್ಣಗೆ ಇರಬೇಕು. ಚೂಪಾಗಿ ಮುರಿದಿದ್ದರೆ ಪ್ರೈಮರ್ ತೂತಾಗಿ ಬಿಸಿ ಅನಿಲ ಮುಖಕ್ಕೆ ನುಗ್ಗುತ್ತದೆ. ಹೊಸ ಸ್ಟ್ರೈಕರ್, ಹೊಸ ಸ್ಪ್ರಿಂಗ್ ಸಿಗುತ್ತವೆ, ಹಾಕಿಸಿಬಿಡಿ. ಮಾರ್ಕ್ 2ರಲ್ಲಿ ಸೇಫ್ಟಿ ಇಲ್ಲ ಎಂಬುದು ನೆನಪಿರಲಿ. ಲಿವರ್ ಮುಚ್ಚಿದಾಗ ಕೋವಿ ಹೊಡೆಯಲು ಸಿದ್ಧವಾಗಿರುತ್ತದೆ, ಬಲಬದಿಯ ಹನಿಯಾಕಾರದ ಸೂಚಕ ನಿಮಗೆ ಅದನ್ನೇ ತೋರಿಸುತ್ತಿರುತ್ತದೆ.

ತೋಟಾ ಕೂರುವ ಚೇಂಬರಿನ ಅಚ್ಚು ತೆಗೆಯಿರಿ. ಸೆರೋಸೇಫ್ ಎಂಬ ಬಿಸ್ಮತ್ ಮಿಶ್ರಲೋಹ 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಚೇಂಬರಿನಿಂದ ಒಂದಿಂಚು ಮುಂದೆ ಬಟ್ಟೆ ತುರುಕಿ, ತೆಳುವಾಗಿ ಎಣ್ಣೆ ಸವರಿ ಹೊಯ್ಯಿರಿ. ಗಟ್ಟಿಯಾದ ಕೂಡಲೇ ಗಜದಿಂದ ನೂಕಿ ಹೊರತೆಗೆಯಬೇಕು, ತಡವಾದರೆ ಹಿಗ್ಗಿ ಒಳಗೇ ಕಚ್ಚಿಕೊಳ್ಳುತ್ತದೆ. ಅಳೆಯುವುದು ಸುಮಾರು ಒಂದು ಗಂಟೆ ಕಳೆದ ಮೇಲೆ, ಆಗ ಅದು ನಿಜವಾದ ಅಳತೆಗೆ ಬಂದಿರುತ್ತದೆ.

ಇನ್ನು ಮುಖ್ಯವಾದದ್ದು: ನಳಿಗೆಯ ಅಳತೆ. ಕಾಗದದ ಮೇಲೆ ಮಾರ್ಟಿನಿ .45 ಅಂದರೆ 0.450 ಇಂಚು. ಅದು ನಳಿಗೆಯೊಳಗಿನ ಸುರುಳಿ ಗೀರುಗಳ (ರೈಫ್ಲಿಂಗ್) ದಿಣ್ಣೆಯಿಂದ ದಿಣ್ಣೆಗೆ. ತಗ್ಗಿನಿಂದ ತಗ್ಗಿಗೆ ಅಳೆದರೆ 0.464ರಿಂದ 0.470ರವರೆಗೆ ಒಂದೊಂದು ಕೋವಿ ಒಂದೊಂದು ಸಂಖ್ಯೆ ತೋರಿಸುತ್ತದೆ. .45-70ಗೆ ಮಾರುವ 0.458ರ ಗುಂಡನ್ನು ಇದರಲ್ಲಿ ಹಾಕಿದರೆ ಅಂಚಿನಿಂದ ಅನಿಲ ನುಸುಳಿ ಸೀಸ ಕರಗಿ ನಳಿಗೆಗೆ ಮೆತ್ತುತ್ತದೆ, ಗುಂಡು ಅಡ್ಡಡ್ಡ ತಿರುಗಿ ಹಾಳೆಯಲ್ಲಿ ಬೀಗದ ಕಂಡಿಯ ಆಕಾರದ ತೂತು ಮಾಡುತ್ತದೆ. “ಹಳೇ ಕೋವಿ, ಗುರಿ ಇಲ್ಲ” ಎಂದು ದೂರುವವರಲ್ಲಿ ಬಹುಪಾಲು ಜನ ನಳಿಗೆಯನ್ನು ಅಳೆದೇ ಇರುವುದಿಲ್ಲ.

ಅಳೆಯುವುದು ಹೀಗೆ. ಗಾಳಕ್ಕೆ ಕಟ್ಟುವ ಮೆದು ಸೀಸದ ಗುಂಡು, ಅರ್ಧ ಇಂಚಿಗೆ ಹತ್ತಿರದ್ದು, ತೆಗೆದುಕೊಳ್ಳಿ. ನಳಿಗೆಗೆ ಎಣ್ಣೆ ಸವರಿ, ಬಾಯಿಯಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಒಳಗಿಳಿಸಿ, ಹಿತ್ತಾಳೆ ಗಜದಿಂದ ಚೇಂಬರಿಗೆ ನೂಕಿ ಹೊರತೆಗೆಯಿರಿ. ನೂಕುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದೂ ಕೈಗೆ ತಿಳಿಯುತ್ತದೆ. ಹೆನ್ರಿ ರೈಫ್ಲಿಂಗ್‌ಗೆ ಏಳು ತಗ್ಗು. ಬೆಸ ಸಂಖ್ಯೆಯಾದ್ದರಿಂದ ಒಂದು ತಗ್ಗಿನ ಎದುರಿಗೆ ಇನ್ನೊಂದು ತಗ್ಗು ಬರುವುದಿಲ್ಲ, ದಿಣ್ಣೆ ಬರುತ್ತದೆ. ಮೈಕ್ರೋಮೀಟರ್ ನೇರ ಹಿಡಿದರೆ ಕಡಿಮೆ ಅಳತೆ ತೋರಿಸುತ್ತದೆ. ಆ ಸೀಸದ ಸುತ್ತ 0.002 ಇಂಚಿನ ಉಕ್ಕಿನ ಶಿಮ್ ಪಟ್ಟಿಯನ್ನು ಬಿಗಿಯಾಗಿ ಒಂದೇ ಸುತ್ತು ಸುತ್ತಿ, ಅಂಚು ಒಂದರ ಮೇಲೊಂದು ಬಾರದಂತೆ ಹಿಡಿದು ಅಳೆಯಿರಿ. ಬಂದ ಸಂಖ್ಯೆಯಿಂದ 0.004 ಕಳೆಯಿರಿ. ಗುಂಡು ಇದಕ್ಕಿಂತ 0.001–0.002 ಇಂಚು ದಪ್ಪ ಇರಲಿ, ಜೊತೆಗೆ ತುಂಬಿದ ತೋಟಾದ ಕತ್ತು ಅಚ್ಚಿನಲ್ಲಿ ಸಿಕ್ಕ ಕತ್ತಿನ ಅಳತೆಗಿಂತ ಕಡೇಪಕ್ಷ 0.002 ಸಣ್ಣದಿರಲಿ. ಎರಡೂ ಹೊಂದದಿದ್ದರೆ ಗುಂಡನ್ನು ತೆಳುವು ಮಾಡಬೇಡಿ, ಕೇಸಿನ ಕತ್ತನ್ನು ಒಳಗಿನಿಂದ ತೆಳುವು ಮಾಡಿಸಿ.

ಜೇನುಮೇಣ45:

ತೋಟಾದ ವಿಚಾರ. ಆಗಿನ ಸೈನ್ಯದ ತೋಟಾದಲ್ಲಿ 85 ಗ್ರೇನ್ ಕರಿಮದ್ದು, 480 ಗ್ರೇನ್ ತೂಕದ ಕಾಗದ ಸುತ್ತಿದ ಗುಂಡು. ನಮ್ಮ ಲೆಕ್ಕದಲ್ಲಿ ಐದೂವರೆ ಗ್ರಾಂ ಮದ್ದು, 31 ಗ್ರಾಂ ಗುಂಡು. ಕುದುರೆ ಸವಾರರ ಕಾರ್ಬೈನ್‌ಗೆ 70 ಗ್ರೇನ್ ಮದ್ದು, 410 ಗ್ರೇನ್ ಗುಂಡು, ಒದೆತ ತಡೆಯಲಾರದೆ ಇಳಿಸಿದ್ದು. ಆಗಿನ ಕೇಸ್ ತೆಳು ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ್ದು. ಬಿಸಿಯಾದ, ಮಸಿ ಕಟ್ಟಿದ ಚೇಂಬರಿನಲ್ಲಿ ಅದು ಕಚ್ಚಿಕೊಂಡು, ಕೇಸ್ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್‌ಗೆ ಬುಡ ಮಾತ್ರ ಕಿತ್ತು ಬರುತ್ತಿತ್ತು. 1884–85ರ ಸೂಡಾನ್ ಯುದ್ಧದಲ್ಲಿ ಸೈನಿಕರಿಗೆ ಇದು ದೊಡ್ಡ ಕಂಟಕವಾಯಿತು. ಇಂದಿನ ಗಟ್ಟಿ ಹಿತ್ತಾಳೆಯಲ್ಲಿ ಆ ಕಾಟ ಇಲ್ಲ.

ಅಗ್ಗದ ದಾರಿ ಮ್ಯಾಗ್‌ಟೆಕ್ ಕಂಪನಿಯ 24 ಗೇಜ್ ಹಿತ್ತಾಳೆ ಶಾಟ್‌ಗನ್ ಕೇಸ್. ಅದಕ್ಕೆ ಲಾರ್ಜ್ ಪಿಸ್ತೂಲ್ ಪ್ರೈಮರ್ ಕೂರುತ್ತದೆ. ಬಾಯಿಯ ಭಾಗವನ್ನು ಕಾಯಿಸಿ ಮೆದು ಮಾಡಬೇಕು. ಬುಡ ನೀರಿನಲ್ಲಿರಲಿ, ಮಬ್ಬು ಬೆಳಕಿನಲ್ಲಿ ಬಾಯಿ ಮಂಕು ಕೆಂಪಾದ ಕೂಡಲೇ ನೀರಿಗೆ ಉರುಳಿಸಿ. ಬುಡ ಮೆದುವಾದರೆ ಆ ಕೇಸ್ ಎಸೆಯಬೇಕು, ಅದರಲ್ಲಿ ಹೊಡೆಯುವುದು ಅಪಾಯ. ಲ್ಯಾನೊಲಿನ್ (ಉಣ್ಣೆಯ ಜಿಡ್ಡು) ಸವರಿ, ಕೇಸಿಗೆ ಆಕಾರ ಕೊಡುವ ಫಾರ್ಮಿಂಗ್ ಡೈಗೆ ಸ್ವಲ್ಪ ಸ್ವಲ್ಪವೇ ಇಳಿಸಿ, ಎರಡು ಮೂರು ಹಂತದಲ್ಲಿ ಮಾಡಿ, ಕೊನೆಗೆ 2.34 ಇಂಚಿಗೆ ಕತ್ತರಿಸಿ. ಕತ್ತಿನಲ್ಲಿ ಸುಕ್ಕು ಬಂದರೆ ಕಾಯಿಸಿದ್ದು ಸಾಲದು, ಒಳಗೆ ಅರ್ಧಚಂದ್ರದಂಥ ಗುಳಿ ಬಂದರೆ ಜಿಡ್ಡು ಹೆಚ್ಚಾಯಿತು. ಮೊದಲ ಸಲ ಹೊಡೆಯುವ ಹೊಸ ಕೇಸಿಗೆ ಬುಡದ ಅಂಚಿನ ಮುಂದೆ ತೆಳು ರಬ್ಬರ್ ಉಂಗುರ ತೊಡಿಸಿ. ಕೇಸ್ ಬ್ಲಾಕಿಗೆ ಒತ್ತಿಕೊಂಡು ನಿಂತು, ಬುಡದ ಹತ್ತಿರ ಎಳೆಯದೆ ಮುಂದಕ್ಕೆ ಹಿಗ್ಗುತ್ತದೆ.

ಗುಂಡಿಗೆ 20 ಪಾಲು ಸೀಸ, 1 ಪಾಲು ತವರ. ಹಳೆಯ ಸರ್ಕಾರಿ ಗುಂಡು 12ಕ್ಕೆ 1ರ ಗಟ್ಟಿ ಮಿಶ್ರಣ, ಅದಕ್ಕೆ ಕಾಗದ ಬೇಕೇ ಬೇಕು. ಕಾಗದ ಸುತ್ತುವುದಾದರೆ 0.460ರ ನುಣುಪು ಗುಂಡಿಗೆ 0.002 ಇಂಚು ದಪ್ಪದ ಹತ್ತಿ ಕಾಗದ ಎರಡು ಸುತ್ತು: 0.468 ಆಯಿತು. ಕಾಗದ ಒದ್ದೆ ಮಾಡಿ ಸುತ್ತಿ, ಒಣಗಿದಾಗ ತಾನೇ ಬಿಗಿಯುತ್ತದೆ. ಕಾಗದ ಬೇಡವಾದರೆ ಗ್ರೀಸ್ ತಗ್ಗುಗಳಿರುವ ಗುಂಡು ಎರೆಯಿರಿ. ಜಿಡ್ಡು ಮಾತ್ರ ಜೇನುಮೇಣ ಮತ್ತು ಕುರಿಯ ಕೊಬ್ಬು, ತೂಕದಲ್ಲಿ ಸಮಸಮ. ಪೆಟ್ರೋಲಿಯಂ ಗ್ರೀಸ್ ಕರಿಮದ್ದಿನ ಮಸಿಯೊಂದಿಗೆ ಸೇರಿ ಟಾರಿನಂತೆ ಗಟ್ಟಿಯಾಗುತ್ತದೆ. ಸೀಸ ಕರಗಿಸುವುದು ಬಯಲಲ್ಲಿ. ಒಂದು ಹನಿ ನೀರು ಬಿದ್ದರೆ ಕರಗಿದ ಸೀಸ ಮುಖಕ್ಕೆ ಸಿಡಿಯುತ್ತದೆ. ಕೈ ತೊಳೆಯದೆ ಏನೂ ತಿನ್ನಬೇಡಿ.

ಮದ್ದು: ಕಂಪನಿಯ ಡಬ್ಬಿಯ ಕರಿಮದ್ದು, ಒಂದು ಎಫ್‌ಜಿ ಅಥವಾ ಎರಡು ಎಫ್‌ಜಿ ಕಾಳು (ಎಫ್‌ಜಿ ಎಂಬುದು ಕಾಳಿನ ಗಾತ್ರದ ಗುರುತು). ಮೂರು ಎಫ್‌ಜಿ ಸಣ್ಣಕಾಳು, ಬೇಗ ಉರಿದು ಒತ್ತಡ ಏರಿಸುತ್ತದೆ, ಇದಕ್ಕೆ ಬೇಡ. ಹೊಗೆಯಿಲ್ಲದ ಮದ್ದನ್ನು ಚಿಟಿಕೆಯಷ್ಟೂ ಬೆರೆಸಬಾರದು. 70 ಗ್ರೇನ್ ಮದ್ದು, 410 ಗ್ರೇನ್ ಗುಂಡಿನಿಂದ ಶುರು ಮಾಡಿ. 85ಕ್ಕೆ ಏರುವ ಅಗತ್ಯ ನೂರು ಗಜದ ಹಾಳೆಗೆ ಇಲ್ಲವೇ ಇಲ್ಲ.

ಒಂದು ನಿಯಮ ಎಂದೂ ಮುರಿಯಬೇಡಿ: ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಕೂಡದು. ಜಾಗ ಇದ್ದರೆ ಮುಂದೆ ಕೂತ ಗುಂಡು ಅಡ್ಡಿಯಂತೆ ವರ್ತಿಸಿ ಅಲ್ಲೇ ನಳಿಗೆ ಉಬ್ಬಬಹುದು. ಮ್ಯಾಗ್‌ಟೆಕ್ ಕೇಸಿನ ಗೋಡೆ ತೆಳು, ಹೊಟ್ಟೆ ದೊಡ್ಡದು. 70 ಗ್ರೇನ್ ಹಾಕಿದರೆ ಮೇಲೆ ಸಾಕಷ್ಟು ಖಾಲಿ ಉಳಿಯುತ್ತದೆ. ಅದನ್ನು ರವೆಯಿಂದ ತುಂಬಿ, ಮೇಲೆ ಅಟ್ಟೆ ಬಿಲ್ಲೆ, ಜಿಡ್ಡಿನ ಬಿಲ್ಲೆ, ಮತ್ತೊಂದು ಅಟ್ಟೆ ಬಿಲ್ಲೆ, ಆಮೇಲೆ ಗುಂಡು.

ಬೂರುಗ_577:

ಜೇನುಮೇಣ ಸರ್ ಹೇಳಿದ್ದರಲ್ಲಿ ರವೆಯೊಂದನ್ನು ಒಪ್ಪಲಾರೆ. ನೇರ ಗೋಡೆಯ ಕೇಸಿನಲ್ಲಿ ರವೆ ಸರಿ. ಮಾರ್ಟಿನಿಯ ಕೇಸ್ ಬಾಟಲಿಯಂತೆ ಭುಜ ಇಟ್ಟು ಕಿರಿದಾಗುತ್ತದೆ. ತೇವ ಹಿಡಿದ ರವೆ ಆ ಭುಜದಲ್ಲಿ ಗಂಟುಕಟ್ಟಿದರೆ ಒತ್ತಡ ಏರುತ್ತದೆ. ಮೇಲಾಗಿ ರವೆಗೂ ತೂಕವಿದೆ, ನಳಿಗೆಯಿಂದ ಹೊರಡುವುದು ಗುಂಡು ಮಾತ್ರವಲ್ಲ, ಗುಂಡು ಮತ್ತು ರವೆ ಎರಡೂ. ಬೂರುಗದ ಹತ್ತಿ ಹಗುರ, ಸ್ಪ್ರಿಂಗಿನಂತೆ ಮದ್ದನ್ನು ಪ್ರೈಮರಿನ ಕಡೆಗೆ ಒತ್ತಿ ಹಿಡಿಯುತ್ತದೆ. ಖಾಲಿ ಜಾಗಕ್ಕಿಂತ ಸ್ವಲ್ಪ ಹೆಚ್ಚೇ ತುಂಬಿ, ಗುಂಡು ಕೂರಿಸುವಾಗ ಅದು ಅಮುಕಬೇಕು. ಉಂಡೆ ಕಟ್ಟಿ ಹಾಕಬೇಡಿ, ಬಿಡಿಸಿ ಹಾಕಿ. ಒಣ ಹುಲ್ಲಿರುವ ಬಯಲಿನಲ್ಲಿ ಒಂದು ಎಚ್ಚರ ಬೇಕು: ಉರಿಯುವ ಎಳೆ ಹತ್ತು ಹದಿನೈದು ಗಜ ಹಾರುತ್ತದೆ. ಬೇಸಿಗೆಯ ಟೆಕ್ಸಾಸ್‌ನಲ್ಲಿ ನೀರಿನ ಬಕೆಟ್ ಪಕ್ಕದಲ್ಲಿರಲಿ.

ಮೊದಲ ಈಡು ಭುಜಕ್ಕಿಟ್ಟು ಹೊಡೆಯಬೇಡಿ. ಕೋವಿಯನ್ನು ಹಳೆಯ ಟೈರಿಗೆ ಬಿಗಿದು, ಟ್ರಿಗ್ಗರ್‌ಗೆ ಉದ್ದ ಹಗ್ಗ ಕಟ್ಟಿ, ಮರೆಯಲ್ಲಿ ನಿಂತು ಎಳೆಯಿರಿ. ಹೀಗೆ ಮೂರು ಈಡು. ಪ್ರತಿ ಕೇಸನ್ನೂ ನೋಡಿ. ಪ್ರೈಮರ್ ಹಿಂದಕ್ಕೆ ಎದ್ದು ನಿಂತಿದ್ದರೆ ಬುಡಕ್ಕೂ ಬ್ಲಾಕಿಗೂ ನಡುವೆ ಸಂದು ಹೆಚ್ಚಿದೆ. ಪ್ರೈಮರ್ ತೂತಾಗಿದ್ದರೆ ಸೂಜಿ ಕೆಟ್ಟಿದೆ. ಬುಡದ ಮೇಲೆ ಹೊಳೆಯುವ ಉಂಗುರ ಕಂಡರೆ ಆ ಕೇಸ್ ಬುಡ ಕಳಚಲು ಸಿದ್ಧವಾಗಿದೆ ಎಂದರ್ಥ. ಕತ್ತಿನ ಹೊರಗೆ ಮಸಿ ಮೆತ್ತಿದ್ದರೆ ಅದು ದೊಡ್ಡ ದೋಷವಲ್ಲ, ಬಾಯಿಯನ್ನು ಇನ್ನೊಮ್ಮೆ ಕಾಯಿಸಿ ಮೆದು ಮಾಡಿದರೆ ಸಾಕು. ಹೊಡೆದಾಗ ‘ಟಕ್’ ಎಂದಷ್ಟೇ ಸದ್ದಾಗಿ ಈಡು ಆಗದಿದ್ದರೆ ಒಂದು ನಿಮಿಷವಾದರೂ ಗುರಿಯ ಕಡೆಗೇ ಹಿಡಿದು ನಿಲ್ಲಿ, ಆಮೇಲೆ ಲಿವರ್ ತೆರೆಯಿರಿ.

ತೊಳೆಯುವ ಕ್ರಮ. ಮಾರ್ಟಿನಿಯ ನಳಿಗೆಗೆ ಹಿಂದಿನಿಂದ ಗಜ ನೇರ ಹೋಗುವುದಿಲ್ಲ, ಬಾಡಿ ಅಡ್ಡ ಬರುತ್ತದೆ. ಬಾಯಿಯಿಂದ ಹಾಕುವುದಾದರೆ ಹಿತ್ತಾಳೆಯ ಗೈಡ್ ಬೇಕು, ಗಜ ಉಜ್ಜಿ ಬಾಯಿಯ ಅಂಚು ಸವೆದರೆ ಗುರಿ ಹೋಗುತ್ತದೆ. ಕೋವಿಯ ಬಾಯಿ ಕೆಳಗಿರಲಿ, ಇಲ್ಲದಿದ್ದರೆ ಕೊಳೆನೀರು ಬ್ಲಾಕಿನೊಳಗೆ ಇಳಿಯುತ್ತದೆ. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ಬಿಸಿನೀರು ಸಾಕು. ಕರಿಮದ್ದಿನ ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ನೀರಿಗೆ ಕರಗುತ್ತವೆ, ಎಣ್ಣೆಗೆ ಕರಗುವುದಿಲ್ಲ. ಅವು ಗಾಳಿಯ ತೇವವನ್ನು ಹೀರುತ್ತವೆ. ಒರೆಸದೆ ಬರೀ ಎಣ್ಣೆ ಹಚ್ಚಿಟ್ಟರೆ ಎಣ್ಣೆಯ ಅಡಿಯಲ್ಲೇ ತುಕ್ಕು ನಡೆಯುತ್ತದೆ. ಅದೇ ದಿನ ತೊಳೆಯಿರಿ, ಮರುದಿನ ಒಣ ಬಟ್ಟೆ ಹಾಯಿಸಿ ಕೆಂಪು ಬಂದರೆ ಮತ್ತೊಮ್ಮೆ ತೊಳೆಯಿರಿ. ಕೇಸುಗಳನ್ನು ಮೈದಾನದಲ್ಲೇ ಸೋಪುನೀರಿನ ಡಬ್ಬಿಗೆ ಹಾಕಿ, ಮನೆಗೆ ಬರುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ.

ಶಾರ್ಪ್ಸ್_ಕೊಡಗು:

ನಾಲ್ಕನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಎರಡೂ ಇರಲಿ, ಆದರೆ ಕಲಿಯುವುದು ರೆಪ್ಲಿಕಾದಲ್ಲಿ.

ಪೆಡರ್ಸೋಲಿಯಂಥ ಇಟಲಿಯ ತಯಾರಕರ ಶಾರ್ಪ್ಸ್ ಬರುವುದು ಗಾರ್ಡೋನೆ ವಾಲ್ ಟ್ರೋಂಪಿಯಾದಿಂದ. ಇಂದಿನ ಉಕ್ಕು, ಇಟಲಿಯ ಸರ್ಕಾರಿ ಪ್ರೂಫ್ (ಒತ್ತಡ ಪರೀಕ್ಷೆಯ) ಮುದ್ರೆ. ಅಮೆರಿಕದಲ್ಲೇ ಬೇಕೆಂದರೆ ಮೊಂಟಾನಾದ ಬಿಗ್ ಟಿಂಬರ್‌ನಲ್ಲಿ ಶೈಲೋ ಕಂಪನಿ ಮಾಡುತ್ತದೆ, ಬೆಲೆಯೂ ಹೆಚ್ಚು, ಕಾಯುವುದೂ ಹೆಚ್ಚು. .45-70 ಅಮೆರಿಕದ ಸೈನ್ಯ 1873ರಲ್ಲಿ ಒಪ್ಪಿಕೊಂಡ ತೋಟಾ: 70 ಗ್ರೇನ್ ಕರಿಮದ್ದು, 405 ಗ್ರೇನ್ ಗುಂಡು. ಕೇಸ್, ಡೈ, ಗುಂಡಿನ ಅಚ್ಚು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ, ನಳಿಗೆ ತಯಾರಕರು ಹೇಳಿದ ಅಳತೆಗೇ ಇರುತ್ತದೆ. ಮಾರ್ಟಿನಿಯಲ್ಲಿ ಗುರಿ ತಪ್ಪಿದರೆ ದೋಷ ನಳಿಗೆಯದೇ, ಗುಂಡಿನದೇ, ಮದ್ದಿನದೇ, ಹೊಡೆಯುವವರದೇ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಶಾರ್ಪ್ಸ್‌ನಲ್ಲಿ ಆ ಅನುಮಾನಗಳಲ್ಲಿ ಎರಡು ಮೊದಲೇ ಕಳೆಯುತ್ತವೆ.

ದೂರಕ್ಕೆ ಹೊಡೆಯುವವರ ಪದ್ಧತಿ ಹೀಗಿದೆ. ಪೆಡರ್ಸೋಲಿಯ .45-70 ನಳಿಗೆ 18 ಇಂಚಿಗೆ ಒಂದು ಸುತ್ತು, 500 ಗ್ರೇನ್ ಮೇಲಿನ ಉದ್ದ ಗುಂಡನ್ನು ಚೆನ್ನಾಗಿ ನಿಲ್ಲಿಸುತ್ತದೆ. 60–65 ಗ್ರೇನ್ ಒಂದೂವರೆ ಎಫ್‌ಜಿ ಅಥವಾ ಎರಡು ಎಫ್‌ಜಿ ಮದ್ದನ್ನು 24 ಇಂಚಿನ ಹಿತ್ತಾಳೆ ಕೊಳವೆಯಿಂದ ನಿಧಾನವಾಗಿ ಸುರಿಯುತ್ತಾರೆ, ಕಾಳು ಒತ್ತೊತ್ತಾಗಿ ಕೂರುತ್ತದೆ. ಮೇಲೆ 0.060 ಇಂಚಿನ ಬಿಲ್ಲೆ. ಮದ್ದನ್ನು ಅಮುಕುವುದು ಕಂಪ್ರೆಷನ್ ಡೈಯಿಂದ. ಗುಂಡಿನಿಂದಲೇ ಅಮುಕಿದರೆ ಮೆದು ಸೀಸದ ಮೂತಿ ಸೊಟ್ಟಗಾಗುತ್ತದೆ. ಎಷ್ಟು ಅಮುಕಬೇಕು ಎಂಬುದು ಮದ್ದಿನ ಕಂಪನಿಗೆ ತಕ್ಕಂತೆ. ಸ್ವಿಸ್ ಮದ್ದಿಗೆ ಕಡಿಮೆ, ಗೋಯೆಕ್ಸ್‌ಗೆ ಹೆಚ್ಚು. ಇಂಚಿನ ಇಪ್ಪತ್ತನೆಯ ಒಂದು ಭಾಗದಷ್ಟು ಬದಲಿಸುತ್ತಾ ಐದೈದು ಈಡಿನ ಗುಂಪು ಹೊಡೆದು ನೋಡಬೇಕು.

ಗುಂಪು ಕೆಡಿಸುವ ದೊಡ್ಡ ಶತ್ರು ಒಣಗಿದ ಮಸಿ. ಹಳೆಯ ಕೇಸಿನ ಪ್ರೈಮರ್ ಜಾಗದಲ್ಲಿ ತೂತು ಕೊರೆದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಊದುಗೊಳವೆ ಮಾಡಿಕೊಳ್ಳುತ್ತಾರೆ. ಪ್ರತಿ ಈಡಿನ ಮೇಲೆ ಬ್ರೀಚ್ ತೆರೆದು, ಚೇಂಬರಿಗೆ ಅದನ್ನು ಇಟ್ಟು, ಮೂರರಿಂದ ಆರು ಉದ್ದನೆಯ ಉಸಿರು ಊದಬೇಕು. ಉಸಿರಿನ ತೇವಕ್ಕೆ ಮಸಿ ಮೆದುವಾಗುತ್ತದೆ. ಟೆಕ್ಸಾಸ್‌ನ ಒಣಗಾಳಿಗೆ ಅದು ಸಾಲದಿದ್ದರೆ, ನೀರಲ್ಲಿ ಕರಗುವ ಎಣ್ಣೆ ಒಂದು ಪಾಲು, ನೀರು ಏಳು ಪಾಲು ಬೆರೆಸಿ ಅದ್ದಿದ ಬಟ್ಟೆ ಒಂದು, ಒಣಬಟ್ಟೆ ಒಂದು. ಚೇಂಬರಿನಲ್ಲಿ ತೇವ ಉಳಿಯಬಾರದು. ಬಾಯಿಂದ ತುಂಬುವ ಕೋವಿಗೆ ಊದುವ ಅಭ್ಯಾಸ ಖಂಡಿತ ಬೇಡ, ಮುಖ ನಳಿಗೆಯ ಎದುರು ಬರುತ್ತದೆ.

ಕರಿಮದ್ದು ಸಿಲೂಎಟ್ ಸ್ಪರ್ಧೆಯಲ್ಲಿ ಉಕ್ಕಿನ ಕೋಳಿ 200 ಮೀಟರ್, ಹಂದಿ 300, ಟರ್ಕಿ ಕೋಳಿ 385, ಟಗರು 500 ಮೀಟರ್. 200ರ ಕೋಳಿಯನ್ನು ಆಸರೆಯಿಲ್ಲದೆ ನಿಂತೇ ಹೊಡೆಯಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಈ ಆಟ ಬೇಗ ಹಿಡಿಸುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಅಂದಹಾಗೆ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಆದರೆ ಹೊರದೇಶದಿಂದ ಕೋವಿ ತರಲು ಅದು ಅನುಮತಿ ಅಲ್ಲ. ನಳಿಗೆ_ಲೆಕ್ಕ ಅವರ ಮಾತು ಅವರಿಗೂ ಅನ್ವಯ.

ಬಿಸ್ಲಿ_ಕನ್ನಡಿಗ:

ಇಂಗ್ಲೆಂಡಿನಲ್ಲಿ ಇದನ್ನು ಓದುವವರಿಗಾಗಿ ಎರಡು ಸಾಲು. ಇಲ್ಲಿ ಹಳೆಯ ಮಾರ್ಟಿನಿಯನ್ನು ಅಲಂಕಾರದ ವಸ್ತುವಾಗಿ, 1968ರ ಫೈರ್‌ಆರ್ಮ್ಸ್ ಆಕ್ಟಿನ 58ನೇ ಸೆಕ್ಷನ್ ಅಡಿ ಸರ್ಟಿಫಿಕೇಟ್ ಇಲ್ಲದೆ ಇಟ್ಟುಕೊಳ್ಳಬಹುದು. ಹೊಡೆಯುವ ಉದ್ದೇಶ ಬಂದ ಕ್ಷಣ ಅದು ಅಲಂಕಾರವಲ್ಲ. ಮೊದಲು ಫೈರ್‌ಆರ್ಮ್ ಸರ್ಟಿಫಿಕೇಟಿಗೆ ಸೇರಿಸಬೇಕು, ಆಮೇಲೆ ಮದ್ದು, ಗುಂಡು. ಕರಿಮದ್ದು ಕೊಂಡು ಇಟ್ಟುಕೊಳ್ಳಲು ಸ್ಫೋಟಕಗಳ ಸರ್ಟಿಫಿಕೇಟ್ ಬೇರೆ.

ಹೇಮಾವತಿ_ದಂಡೆ:

ಎಲ್ಲರಿಗೂ ಧನ್ಯವಾದ. ಮೊದಲು ವಕೀಲರು, ಆಮೇಲೆ ಪ್ರೈಮರ್. ಜಿಡ್ಡು ತೆಗೆದ ಮೇಲೆ ಚೇಂಬರಿನ ಅಚ್ಚಿನ ಅಳತೆ, ಸೀಸದ ಅಳತೆ ಎರಡನ್ನೂ ಇಲ್ಲೇ ಹಾಕುತ್ತೇನೆ. ಒಂದು ಅನುಮಾನ ಉಳಿಯಿತು: ತುಕ್ಕು ಹಿಡಿದ ಲಿವರ್ ಪಿನ್ ಎಣ್ಣೆಗೂ ಬಗ್ಗದಿದ್ದರೆ ಬೆಂಕಿ ತೋರಿಸಬಹುದೇ?

ಜೇನುಮೇಣ45:

ಬೇಡ. ಬಾಡಿಯ ಹದ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಸಾಕು: ಕೈ ಇಡಲಾಗದಷ್ಟು ಬಿಸಿ ಮಾಡಿ, ಆರುವಾಗ ಎಣ್ಣೆ ಬಿಡಿ, ಸಂದಿಗೆ ಎಳೆದುಕೊಳ್ಳುತ್ತದೆ. ಬಿಸಿಗಾಳಿ ಹಿಡಿಯುವ ಮೊದಲು ಸ್ಪಿರಿಟ್ ವಾಸನೆ ಪೂರ್ತಿ ಹೋಗಿದೆಯೇ ನೋಡಿ. ದಿನಕ್ಕೆ ಎರಡು ಸಲ, ನಾಲ್ಕೈದು ದಿನ ಹೀಗೆ ಮಾಡಿ. ಅದಕ್ಕೂ ಬರದಿದ್ದರೆ ಮಾರ್ಟಿನಿ ಗೊತ್ತಿರುವ ಗನ್‌ಸ್ಮಿತ್ ಬಳಿ ಕೊಡಿ, ಡ್ರಿಲ್ ಹಾಕಬೇಡಿ.